ಮಸಿ ಚೆಲ್ಲಿದ ಹಾಳೆ

ಚಿತ್ರಕಲೆ ಕಲಿಯುತ್ತಿರುವ ಮೊಮ್ಮಗಳು ಗ್ರಂಥಾಲಯದಿಂದ ತಂದ ಪುಸ್ತಕವೊಂದನ್ನು ನನ್ನ ಮುಂದೆ ಬಿಚ್ಚಿಟ್ಟು, “ಅಜ್ಜಾ, ಇದರಾಗ ಏನ್ ಕಾಣ್ತದ ಹೇಳು” ಎಂದಳು. ಕರಿಯ ಶಾಯಿಯ ಗೆರೆಗಳು ಸುತ್ತಿ, ಹೊರಳಿ, ತಮ್ಮನ್ನೇ ತಾವು ದಾಟಿ ಹೋಗಿದ್ದವು. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನು ಕಂಠಪಾಠ ಮಾಡಿ ಬೆಳೆದ ನನಗೆ ಅದು ಕರ್ತೃ, ಕರ್ಮ, ಕ್ರಿಯೆಗಳಿಲ್ಲದ ವಾಕ್ಯದಂತೆ ತೋರಿತು. “ಮಸಿ ಚೆಲ್ಲಿದೆ” ಎಂದುಬಿಟ್ಟೆ. ಆದರೆ ಕಣ್ಣು ಅಲ್ಲಿಂದ ಏಳಲಿಲ್ಲ. ಗೆರೆಗಳ ನಡುವಿನಿಂದ ಒಂದು ಕೈ, ಅದರಾಚೆ ಒಂದು ಮುಂಡದ ತುಣುಕು ಮೆಲ್ಲನೆ ಹೊರಬಂದವು.

ಸುಮಾರು ಗೇಣುದ್ದದ ಆ ಹಾಳೆ ಫ್ರಾನ್ಸಿನ ಆಂದ್ರೆ ಮಾಸೋಂ (1896–1987) 1924ರಲ್ಲಿ ಬರೆದ ‘ಸ್ವಯಂಚಾಲಿತ ರೇಖಾಚಿತ್ರ’. ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಆತ ಮೊದಲನೆಯ ಮಹಾಯುದ್ಧದ ಸೈನಿಕ. 1917ರ ಏಪ್ರಿಲಿನಲ್ಲಿ ಎದೆಗೆ ಗಾಯವಾಗಿ ರಣರಂಗದಲ್ಲಿ ಬಿದ್ದವನು, ಮುಂದೆ ಕೆಲಕಾಲ ಮಾನಸಿಕ ಆಸ್ಪತ್ರೆಯಲ್ಲಿಯೂ ಇರಬೇಕಾಯಿತು. ಯುದ್ಧದಲ್ಲಿ ಮನಸ್ಸು ಕದಡಿದ ಸೈನಿಕರ ನಡುವೆ 1916ರಲ್ಲಿ ಸೇವೆ ಸಲ್ಲಿಸಿದ್ದ ವೈದ್ಯವಿದ್ಯಾರ್ಥಿ ಆಂದ್ರೆ ಬ್ರೆತೋಂ 1924ರಲ್ಲಿ ಅತಿವಾಸ್ತವವಾದದ ಪ್ರಣಾಳಿಕೆಯನ್ನು ಪ್ರಕಟಿಸಿದನು. ವಿವೇಚನೆಯ ಕಾವಲಿಲ್ಲದೆ ಮನಸ್ಸು ತಾನೇ ನುಡಿಯಬೇಕೆಂಬುದು ಅವನ ಆಶಯ. ಬ್ರೆತೋಂ ಬರವಣಿಗೆಯಲ್ಲಿ ಮಾಡಿದುದನ್ನು ಮಾಸೋಂ ಗೆರೆಯಲ್ಲಿ ಮಾಡಿದ. ವಿಷಯವಿಲ್ಲ, ಮುನ್ಯೋಜನೆಯಿಲ್ಲ, ಲೇಖನಿ ವೇಗವಾಗಿ ಓಡಬೇಕು. ಓಟದಲ್ಲಿ ಮೀನೋ ಹಕ್ಕಿಯೋ ಅಂಗಾಂಗವೋ ಮೂಡಿದರೆ ಆಮೇಲೆ ಕೊಂಚ ತಿದ್ದಿ ಸ್ಪಷ್ಟಪಡಿಸುತ್ತಿದ್ದನಂತೆ. ಆದ್ದರಿಂದ ಎಲ್ಲವೂ ತಾನಾಗಿಯೇ ಆದುದೆಂದು ನಾನು ಒಪ್ಪಲಾರೆ. ನಮ್ಮ ವಿಮರ್ಶಕರು ಇದರ ಮೂಲವನ್ನು ಸುಪ್ತಪ್ರಜ್ಞೆ ಎನ್ನುತ್ತಾರೆ. ಆ ಗೆರೆಗಳನ್ನು ಕಂಡ ಮೇಲೆ ಅದು ಮಲಗಿದೆಯೆಂದು ನನಗನ್ನಿಸಲಿಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ನನ್ನ ತಮ್ಮ ಇಪ್ಪತ್ತೆರಡರ ಪ್ರಾಯದಲ್ಲಿ ಓದು ಬಿಟ್ಟು ಊರಿಗೆ ಮರಳಿ ಮೌನಿಯಾದವನು. ಪಡಸಾಲೆಯ ಕಂಬಕ್ಕೊರಗಿ ಕುಳಿತು, ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ದಿನವಿಡೀ ಇಂಥವೇ ಗೆರೆಗಳನ್ನೆಳೆಯುತ್ತಿದ್ದ. ಅಕ್ಷರವೇ ಅರಿಯದ ಅವ್ವ ಅವನ್ನೆಲ್ಲ ಮಡಚಿ ಟ್ರಂಕಿನಲ್ಲಿ ಇಡುತ್ತಿದ್ದಳು. ನಾನು ಪಂಡಿತ. ಅರ್ಥವಿಲ್ಲದ ಕಾಗದವೇಕೆಂದು ಒಂದು ಅಮಾವಾಸ್ಯೆಯ ಬೆಳಿಗ್ಗೆ ನೀರೊಲೆಗೆ ಹಾಕಿದೆ. ಅವನು ಬಾಗಿಲಲ್ಲಿ ನಿಂತು ನೋಡಿದ, ಏನೂ ಅನ್ನಲಿಲ್ಲ. ಮತ್ತೆ ಪೆನ್ಸಿಲು ಮುಟ್ಟಲೂ ಇಲ್ಲ. ಅವ್ವ ಮೂರು ದಿನ ನನ್ನೊಡನೆ ಮಾತು ಬಿಟ್ಟಳು.

ಅವನು ಲಿಂಗೈಕ್ಯನಾಗಿ ಹನ್ನೊಂದು ವರ್ಷಗಳಾದವು. ಆ ಹಾಳೆಗಳಲ್ಲಿ ಏನಿತ್ತೆಂದು ನೆನೆಯಲೆತ್ನಿಸಿದೆ. ಒಂದರ ಮೂಲೆಯಲ್ಲಿ ಬಾವಿಯ ಗಡಗಡೆಯಂತಹ ಸುತ್ತೊಂದು ಮಾತ್ರ ನೆನಪಾಯಿತು.

ಬೆಳಿಗ್ಗೆ ಮೊಮ್ಮಗಳು ಪುಸ್ತಕವನ್ನು ಹಿಂದಿರುಗಿಸಲು ಹೊರಟಳು. ಇನ್ನೆರಡು ದಿನ ಇರಲೆಂದೆ.