ಕಿಟಕಿಯಲ್ಲೊಂದು ನಾಗೊಂದಿಗೆ

ಮನೆ ಎಷ್ಟು ದೊಡ್ಡದಾದರೂ ಸಾಮಾನು ಇಡಲು ಸ್ಥಳ ಸಾಲದೆಂಬುದು ಗೃಹಸ್ಥಾಶ್ರಮದ ಹಳೆಯ ಅನುಭವ. ಅಜ್ಜನ ಕನ್ನಡಕ, ಪಂಚಾಂಗ, ಔಷಧಿಯ ಸೀಸೆ, ಉಪ್ಪಿನಕಾಯಿಯ ಭರಣಿ, ಇವನ್ನು ನೆಲದ ಮೇಲೆ ಇಡುವಂತಿಲ್ಲ. ಪೆಟ್ಟಿಗೆಯೊಳಗೆ ಇಟ್ಟರೆ ಬೇಕಾದಾಗ ಸಿಗುವುದಿಲ್ಲ. ದೊಡ್ಡವರ ಕೈಗೆ ಎಟುಕಬೇಕು, ಮಗುವಿನ ಕೈಗೆ ಎಟುಕಬಾರದು. ಈ ಎರಡು ಬೇಡಿಕೆಗಳ ನಡುವೆ ಹುಟ್ಟಿಕೊಂಡದ್ದೇ ನಾಗೊಂದಿಗೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ—ವಿಜಯಪುರ ಜಿಲ್ಲೆಯ ಈ ಸೀಮೆಗಳ ಹಿರಿಯರು ಮನೆ ಕಟ್ಟುವಾಗಲೇ ಈ ಸಮಸ್ಯೆಯನ್ನು ಬಗೆಹರಿಸಿಬಿಡುತ್ತಿದ್ದರು. ಕಲ್ಲು ಮಣ್ಣಿನ ಗೋಡೆ ಎರಡು ಅಡಿಗೆ ಕಡಿಮೆಯಿಲ್ಲದ ದಪ್ಪ; ಅದರ ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಗೋಡೆ ಏರುತ್ತಿರುವಾಗಲೇ ಅದರೊಳಗೆ ಮಾಡಗಳನ್ನು ಬಿಡುತ್ತಿದ್ದರು. ದೀಪಕ್ಕೊಂದು ಮಾಡ, ದೇವರಿಗೊಂದು ಮಾಡ, ಅಡಿಗೆಮನೆಯ ಸಾಮಾನಿಗೆ ನಾಲ್ಕು ಮಾಡ. ಮೊಳೆ ಬೇಡ, ಬಡಿಗನೂ ಬೇಡ. ಕಿಟಕಿಯ ಕಟ್ಟೆಯಂತೂ ಒಬ್ಬ ಹುಡುಗ ಕುಳಿತು ಪಾಠ ಓದುವಷ್ಟು ಅಗಲವಾಗಿರುತ್ತಿತ್ತು.

ಕಾಲ ಬದಲಾಯಿತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಬೇಕಾದ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಮುಂದೆ ನೀರು ನಿಂತಾಗ ನದೀತೀರದ ಊರುಗಳು ಎತ್ತರದ ನೆಲವನ್ನು ಅರಸಿ ಹೊರಟವು. ಹಳೆಯ ಮನೆಗಳ ತೊಲೆ, ಬಾಗಿಲು, ಚೌಕಟ್ಟುಗಳು ಹೊಸ ಊರಿಗೆ ಬಂದವು. ಮಾಡ ಮಾತ್ರ ಬರಲಿಲ್ಲ. ಗೋಡೆಯೊಳಗಿನ ಬಯಲನ್ನು ಬಂಡಿಗೆ ಹೇರಿ ತರುವವರುಂಟೆ? ಮುಳುಗದ ಊರುಗಳಲ್ಲಿಯೂ ಹೊಸ ಮನೆಗಳ ಗೋಡೆ ಒಂಬತ್ತು ಅಂಗುಲದ ಇಟ್ಟಿಗೆಗೆ ಇಳಿಯಿತು. ಚೌಕಟ್ಟು ಕೂಡಿಸಿದ ಮೇಲೆ ಕಿಟಕಿಯ ಕಟ್ಟೆ ಒಳಬದಿಗೆ ನಾಲ್ಕೈದು ಅಂಗುಲ ಉಳಿದರೆ ಅದೇ ಭಾಗ್ಯ.

“ಮಾಡ ಬಿಟ್ಟು ಮನಿ ಕಟ್ಟೀರಿ, ಈಗ ಮಾಡ ಹುಡುಕಾಕತ್ತೀರಿ!” ಎಂದು ಹಿರಿಯರು ನಗುವುದು ಅನ್ಯಾಯವೇನಲ್ಲ.

ಹೀಗಿರುವಲ್ಲಿ ಮನೆಯ ಯಜಮಾನನ ಕಣ್ಣು ಕಿಟಕಿಯ ಮೇಲೆ ಬೀಳುತ್ತದೆ. ಹಳೆಯ ಬಾಗಿಲಿನ ಒಂದು ಹಲಗೆ ಹೇಗೂ ಅಟ್ಟದ ಮೇಲಿರುತ್ತದೆ. ಅದನ್ನು ಕಟ್ಟೆಯ ಮೇಲಿರಿಸಿದರೆ ನಾಗೊಂದಿಗೆಯಾಯಿತು. ಗೃಹಿಣಿಗೂ ಅದು ಒಪ್ಪಿಗೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಂಡಿಯ ಲಿಂಬೆಹಣ್ಣು ಭರಣಿಯಲ್ಲಿ ಉಪ್ಪು ಹೀರಿ ಮೆತ್ತಗಾಗಲು ಬಿಸಿಲು ಬೇಕಲ್ಲವೆ? ಆದರೆ ಹಲಗೆಯನ್ನು ಒಮ್ಮೆ ಒತ್ತಿ ನೋಡಿ ಅವಳು ಕೇಳುವುದು ಒಂದೇ ಮಾತು: “ಇದು ನಿಂತೀತೇನ್ರೀ?”

ಇದಕ್ಕೆ ಉತ್ತರವನ್ನು ಚಕ್ಕಡಿಯನ್ನು ಕಂಡವರೆಲ್ಲ ಬಲ್ಲರು. ಬಂಡಿ ಹಿಂಭಾರವಾದರೆ ನೊಗ ಮೇಲೇಳುತ್ತದೆ. ನಾಲ್ಕು ಅಂಗುಲದ ಕಟ್ಟೆಯ ಮೇಲೆ ಹನ್ನೆರಡು ಅಂಗುಲದ ಹಲಗೆ ಹಾಸಿದರೆ ಎಂಟು ಅಂಗುಲ ಗಾಳಿಯಲ್ಲಿ ಉಳಿಯಿತು. ಅಂಥ ಹಲಗೆ ಭರಣಿ ಬರುವ ಮೊದಲೇ ತಾನಾಗಿ ಬೀಳುತ್ತದೆ. ಅರ್ಧಕ್ಕಿಂತ ಹೆಚ್ಚು ಅಗಲ ಕಟ್ಟೆಯ ಮೇಲಿದ್ದರೆ ಬರಿಯ ಹಲಗೆ ನಿಂತೀತು. ಆದರೆ ಭರಣಿಯನ್ನು ಅಂಚಿಗೆ ಸರಿಸಿದ ಕ್ಷಣ ಅದೂ ಮಗುಚೀತು. ಐದು ಲೀಟರಿನ ಭರಣಿ ತುಂಬಿದಾಗ ಐದು ಕಿಲೋಗಳಿಗೆ ಕಡಿಮೆ ತೂಗುವುದಿಲ್ಲ. ಭರಣಿಯ ತೂಕ ಬೇರೆ. ಆದುದರಿಂದ ಹೊರಚಾಚಿದ ಭಾಗಕ್ಕೆ ಕೆಳಗಿನಿಂದ ಆಸರೆ ಬೇಕೇಬೇಕು.

ಆ ಆಸರೆ ಗೋಡೆಯ ಜಾತಿಯನ್ನು ನೋಡಿ ಬರಬೇಕು. ಇಟ್ಟಿಗೆಯ ಗೋಡೆಯಾದರೆ ತ್ರಿಕೋನಾಕಾರದ ಕಬ್ಬಿಣದ ಬ್ರ್ಯಾಕೆಟ್ಟುಗಳನ್ನು ಸ್ಕ್ರೂ ಹಾಕಿ ಬಿಗಿಯಬಹುದು. ಸ್ಕ್ರೂ ಗಿಲಾಯವನ್ನು ದಾಟಿ ಇಟ್ಟಿಗೆಯನ್ನೇ ಹಿಡಿಯಬೇಕು; ಬರಿಯ ಗಿಲಾಯ ಯಾರ ಭಾರವನ್ನೂ ಹೊರದು. ಮಣ್ಣಿನ ಗೋಡೆಯಾದರೆ ಮೊಳೆಯ ಆಸೆಯನ್ನೇ ಬಿಡುವುದು ಲೇಸು. ಮೊಳೆ ಬಡಿದಷ್ಟೂ ಮಣ್ಣು ಉದುರುತ್ತದೆ. ಅಲ್ಲಿ ಹಲಗೆಯ ಮುಂಬದಿಗೆ ನೆಲದವರೆಗೆ ಎರಡು ಕಾಲುಗಳನ್ನು ಕೊಟ್ಟರೆ ಭಾರ ನೇರವಾಗಿ ನೆಲಕ್ಕೆ ಇಳಿಯುತ್ತದೆ.

ಹಲಗೆಯ ದಪ್ಪದಲ್ಲಿ ಜಿಪುಣತನ ಸಲ್ಲದು. ಆಸರೆಗಳ ನಡುವಿನ ಅಂತರ ಇಮ್ಮಡಿಯಾದರೆ, ನಡುವೆ ಇಟ್ಟ ಅದೇ ಭಾರಕ್ಕೆ ಹಲಗೆ ಎಂಟು ಪಟ್ಟು ಬಾಗುತ್ತದೆ. ದಪ್ಪ ಇಮ್ಮಡಿಯಾದರೆ ಬಾಗು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಮರ ಉಬ್ಬುವುದರಿಂದ ಎರಡು ತುದಿಗಳಲ್ಲಿಯೂ ಜೋಳದ ಕಾಳಿನಷ್ಟು ಸಂದು ಬಿಡಬೇಕು. ಮಟ್ಟ ನೋಡಲು ರಸಮಟ್ಟವಿಲ್ಲದಿದ್ದರೆ ಒಂದು ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಇಟ್ಟರೆ ಸಾಕು. ಗೆದ್ದಲು ಹತ್ತಿದ ಹಲಗೆಯನ್ನು, ಅದು ಎಷ್ಟೇ ಪ್ರೀತಿಯ ಬಾಗಿಲಿನದಾಗಿರಲಿ, ಕೈಬಿಡುವುದೇ ಸರಿ.

ಇಷ್ಟೆಲ್ಲ ಎಚ್ಚರಿಕೆ ಒಂದು ಹಲಗೆಗಾಗಿಯೆ ಎಂದು ಕೆಲವರಿಗೆ ಅನಿಸಬಹುದು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಇಂಥವೇ ಕಲ್ಲು ಮಣ್ಣಿನ ಮನೆಗಳು ಮಲಗಿದ್ದವರ ಮೇಲೆ ಕುಸಿದು ಸುಮಾರು 10 ಸಾವಿರ ಜನ ಮಡಿದರು. 2021ರಲ್ಲಿ ವಿಜಯಪುರ ಜಿಲ್ಲೆಯ ಹಲವೆಡೆ ಮೇಲಿಂದ ಮೇಲೆ ಲಘು ಕಂಪನಗಳಾದವು. ಮಲಗಿದವರ ತಲೆಯ ಮೇಲೆ ಏನಿದೆಯೆಂದು ಅರಿತಿರುವುದು ಈ ಸೀಮೆಯಲ್ಲಿ ಅತಿ ಜಾಗರೂಕತೆಯೆನಿಸದು. ಹಾಸಿಗೆಯ ಮೇಲ್ಗಡೆಗೂ ತೊಟ್ಟಿಲಿನ ಮೇಲ್ಗಡೆಗೂ ನಾಗೊಂದಿಗೆ ಬರಬಾರದು. ಹಲಗೆಯ ಮುಂಚೂಣಿಗೆ ಒಂದೆರಡು ಅಂಗುಲ ಎತ್ತರದ ಪಟ್ಟಿ ಹೊಡೆದರೆ ಭರಣಿ ಜಾರದು. ಹಲಗೆಯ ಹಿಂಬದಿಯನ್ನು ಕಿಟಕಿಯ ಸರಳುಗಳಿಗೆ ಗಟ್ಟಿ ತಂತಿಯಿಂದ ಬಿಗಿದರೆ ಅದು ಮುಂದಕ್ಕೆ ಸರಿಯದು. ಭಾರವಾದುದು ಹಿಂದೆ, ಹಗುರಾದುದು ಮುಂದೆ.

ಕಡೆಯದಾಗಿ ಪರೀಕ್ಷೆ. ಮುಂದೆ ಇಡಲಿರುವ ಸಾಮಾನಿನ ಇಮ್ಮಡಿ ತೂಕದಷ್ಟು ಜೋಳವನ್ನು ಚೀಲಕ್ಕೆ ತುಂಬಿ, ಒಂದು ರಾತ್ರಿ ಹಲಗೆಯ ಮೇಲೆ ಇಟ್ಟಿರಬೇಕು. ಆ ರಾತ್ರಿ ಅದರ ಹತ್ತಿರ ಯಾರೂ ಮಲಗಬಾರದು. ಬೆಳಿಗ್ಗೆ ಹಲಗೆ ಬಾಗದೆ, ಬ್ರ್ಯಾಕೆಟ್ಟು ಸಡಿಲಾಗದೆ ಇದ್ದರೆ ಜೋಳವನ್ನು ಇಳಿಸಿ ಭರಣಿಯನ್ನು ಏರಿಸಬಹುದು. ಮನೆಯ ಅಜ್ಜಿ ಅತ್ತ ಕಣ್ಣೆತ್ತಿಯೂ ನೋಡದೆ, ಆ ಬಿಸಿಲಲ್ಲೇ ಕುಳಿತು ಹೂಬತ್ತಿ ಹೊಸೆಯತೊಡಗಿದಳೆಂದರೆ ಕೆಲಸ ಕೈಗೂಡಿತೆಂದೇ ತಿಳಿಯಬೇಕು.