ನನ್ನ ಬೆರಳುಗಳ ಪಾಳಿ

ಕಾಲೇಜು ಬಿಟ್ಟ ಮೇಲೆ ಕಂಪ್ಯೂಟರಿನಲ್ಲಿ ಸ್ವರಲಿಪಿ ಬೆರಳಚ್ಚು ಮಾಡುವುದು, ರಾತ್ರಿ ಚಾಂಪಿಯನ್ ರೀಫ್ಸಿನ ಮನೆಯಲ್ಲಿ ಪಿಟೀಲು ನುಡಿಸುವುದು—ಇದು ನನ್ನ ದಿನಚರಿ. ಹೋದ ವರ್ಷ ಬೆರಳುಗಳು ಜುಮುಗುಟ್ಟತೊಡಗಿದವು. ಸಾಧನೆ ಸಾಲದೆಂದು ಬಗೆದು ಇನ್ನೂ ಒಂದು ಗಂಟೆ ಹೆಚ್ಚಿಗೆ ನುಡಿಸಿದೆ. ಕಡೆಗೆ ಕಾಫಿಲೋಟ ಹಿಡಿಯುವುದೂ ಕಷ್ಟವಾಯಿತು.

ತಾತ ನನ್ನ ಕೈ ಹಿಡಿದು ನೋಡಿದರು. 2001ರಲ್ಲಿ ಗಣಿ ಮುಚ್ಚುವವರೆಗೆ ಬಂಡೆ ಕೊರೆಯುವ ಯಂತ್ರ ಹಿಡಿದವರು; ಅದರ ಅದುರಿಗೆ ಮರಗಟ್ಟಿದ ಬೆರಳುಗಳಿಂದ ಇಂದಿಗೂ ಅಂಗಿಯ ಗುಂಡಿ ಹಾಕಲಾರರು.

“ನಮಗೆ ಪಾಳಿ ಮುಗಿದರೆ ಸೈರನ್ ಕೂಗುತ್ತಿತ್ತು ಕಣಪ್ಪಾ. ನಿನಗೆ ಕೂಗುವವರು ಯಾರು?”

ವೈದ್ಯರೂ ಅದನ್ನೇ ಹೇಳಿದರು: ಕೆಲಸ ಎರಡಾದರೂ ಕೈ ಒಂದೇ. ಈಗ ಅರ್ಧ ಗಂಟೆಗೊಮ್ಮೆ ಏಳುತ್ತೇನೆ. ಮಣಿಕಟ್ಟು ಬಾಗಿಸದೆ ಕೀಲಿಗಳನ್ನು ಮೆಲ್ಲಗೆ ಒತ್ತುತ್ತೇನೆ. ಬೆರಳಚ್ಚು ಹೆಚ್ಚಾದ ದಿನ ಪಿಟೀಲು ಕಡಮೆ.

ಸಂಗೀತ ಕಲಿಯುವ ಮಿತ್ರರೇ, ಜುಮ್ಮೆಂದರೆ ಅದೇ ಸೈರನ್ನೆಂದು ತಿಳಿಯಿರಿ. ನನ್ನ ಕೈ ಮರಳಿ ಬಂದಿದೆ, ತಾತನದು ಬರಲಿಲ್ಲ.