ಮೊದಲ ಮಳೆಗೆ ಕಾಯುವ ಗಡ್ಡೆ

ಕ್ರೋಕಸ್ ಹೂವಿನ ಚಿತ್ರ ಕಂಡಾಗಲೆಲ್ಲ ಆಸೆಯಾಗುತ್ತದೆ. ಯುರೋಪಿನಲ್ಲಿ ಹಿಮ ಕರಗುವ ಹೊತ್ತಿಗೆ ನೆಲದಿಂದ ಏಳುವ ನೇರಳೆ, ಹಳದಿ ಬಟ್ಟಲುಗಳು. ಕಾಶ್ಮೀರದ ಕೇಸರಿಗೆ ಒಡಹುಟ್ಟು. ಆದರೆ ಆ ಗಡ್ಡೆ ಹೂ ಬಿಡಲು ಸುಮಾರು ಮೂರು ತಿಂಗಳ ಗಟ್ಟಿ ಚಳಿ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರು ಗೊರೇಬಾಳಕ್ಕೆ ತರಿಸಿ ನೆಟ್ಟರೆ ಆ ಜೀವಕ್ಕೇ ಅನ್ಯಾಯ.

ನಮಗೆ ಮಳೆ ಲಿಲ್ಲಿ ಇದೆ. ಹುಟ್ಟೂರು ಅಮೆರಿಕ ಖಂಡವಾದರೂ ನಮ್ಮ ಅಂಗಳಗಳಿಗೆ ಒಗ್ಗಿಹೋಗಿದೆ. ಬಿರುಬಿಸಿಲಲ್ಲಿ ಸುಮ್ಮನಿದ್ದು, ಮಳೆ ಬಿದ್ದ ಕೆಲವೇ ದಿನಗಳಲ್ಲಿ ಗುಲಾಬಿ ಬಟ್ಟಲು ಎತ್ತಿ ಹಿಡಿಯುತ್ತದೆ. ನೋಡಲು ಥೇಟ್ ಕ್ರೋಕಸ್!

ಗಡ್ಡೆ ಆರಿಸುವಾಗ ಕೈಯಲ್ಲಿ ಹಿಡಿದು ನೋಡಿ. ಗಟ್ಟಿಯಾಗಿ, ತೂಕವಾಗಿ ಇರಬೇಕು. ಮೆತ್ತಗಿದ್ದರೆ, ಬೂಸ್ಟು ಹಿಡಿದಿದ್ದರೆ ಬೇಡ. ಎಲ್ಲಕ್ಕಿಂತ ಒಳ್ಳೆಯದು ನೆರೆಮನೆಯ ತುಂಬಿದ ಕುಂಡದಿಂದ ಕೇಳಿ ತಂದದ್ದು. ಅದು ಈ ಬಿಸಿಲನ್ನು ಆಗಲೇ ಗೆದ್ದಿರುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ನಮ್ಮ ಎರೆಮಣ್ಣಿನಲ್ಲಿ ಬತ್ತ ಬೆಳೆಯುತ್ತದೆ ನಿಜ, ಆದರೆ ನೀರು ಹಿಡಿದಿಡುವ ಆ ಮಣ್ಣಿನ ಗುಣವೇ ಗಡ್ಡೆಯನ್ನು ಕೊಳೆಸುತ್ತದೆ. ಮರಳು, ಹಳೆಯ ಗೊಬ್ಬರ ಬೆರೆಸಿ. ತಳದಲ್ಲಿ ತೂತಿರುವ ಕುಂಡದಲ್ಲಿ, ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಂತೆ ನೆಡಿ. ಗಡ್ಡೆಯಲ್ಲಿ ವಿಷವಿದೆ, ಮಕ್ಕಳು ಮತ್ತು ಆಡುಗಳ ಬಾಯಿಗೆ ಸಿಗದಿರಲಿ.

ಮರಿಗಡ್ಡೆಗಳು ತುಂಬಿದಾಗ ನಾಲ್ಕು ಮನೆಗೆ ಹಂಚಿ. ಮುಂದಿನ ಮುಂಗಾರಿಗೆ ಓಣಿಯೇ ಅರಳಲಿ.